ಅಡುಗೆಮನೆಯ ಕಪಾಟು: ಹೊಳಪಿಗಿಂತ ಮೊದಲು ಹಲಗೆಯನ್ನು ಕೇಳಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮನೆ-ಒಳಾಂಗಣ ಪುಟದಲ್ಲಿ ಮಾಡ್ಯುಲರ್ ಅಡುಗೆಮನೆಗಳ ಕುರಿತು ಆಗಾಗ ಪ್ರಕಟವಾಗುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಬಾಗಿಲಿಗೆ ಯಾವ ಬಣ್ಣ ಒಪ್ಪುತ್ತದೆ, ಹೊಳಪು ಬೇಕೆ ಮಾಸಲು ಮೈ ಬೇಕೆ, ಹಿಡಿಕೆ ಎಲ್ಲಿ ಬರಬೇಕು ಎಂಬುದನ್ನು ಅವು ಚೆನ್ನಾಗಿಯೇ ತಿಳಿಸುತ್ತವೆ. ಆದರೆ ಆ ಬಾಗಿಲಿನ ಹಿಂದಿರುವ ಪೆಟ್ಟಿಗೆ ಯಾವ ಹಲಗೆಯದು, ಅದರ ಅಂಚನ್ನು ಹೇಗೆ ಮುಚ್ಚಿದ್ದಾರೆ, ರಾಯಚೂರಿನ ಬಿಸಿಲಿಗೂ ಇಲ್ಲಿನ ಸವಳು ನೀರಿಗೂ ಅದು ಎಷ್ಟು ವರ್ಷ ತಾಳೀತು ಎಂಬ ಮಾತು ಅವುಗಳಲ್ಲಿ ಬರುವುದು ಅಪರೂಪ. ಜನ ಹಣ ಕಳೆದುಕೊಳ್ಳುತ್ತಿರುವುದು ಇಲ್ಲಿಯೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾಗಿದೆ, ದಯವಿಟ್ಟು ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಮಾನ್ವಿ ತಾಲ್ಲೂಕಿನ ಬಡಿಗತನದ ಮನೆತನದವನು. ಈಗ ರಾಯಚೂರಿನಲ್ಲಿ ಮನೆ ಕಟ್ಟಿಸುವವರ ಪರವಾಗಿ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಸಿಂಧನೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ತನ್ನ ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಕರೆದಳು. ಹೊಸ ಮನೆ, ಗೃಹಪ್ರವೇಶವಾಗಿ ಎರಡನೇ ಮಳೆಗಾಲವೂ ಮುಗಿದಿರಲಿಲ್ಲ. ಬಾಗಿಲಿನ ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ತೆರೆದು ಬಾಗಿ ನೋಡಿದರೆ, ಸಿಂಕಿನ ಪೈಪು ಇಳಿಯುವ ಕಡೆ ಹಲಗೆಯಲ್ಲಿ ಕೊರೆದ ತೂತಿನ ಅಂಚು ಹಸಿಯಾಗಿಯೇ ಉಳಿದಿತ್ತು. ಅದಕ್ಕೆ ಪಟ್ಟಿಯೂ ಇಲ್ಲ, ಬಣ್ಣವೂ ಇಲ್ಲ. ಅಲ್ಲಿಂದ ನೀರು ಹೀರಿದ ತಳದ ಹಲಗೆ ಒಂದೂವರೆ ಪಟ್ಟು ದಪ್ಪವಾಗಿ ಉಬ್ಬಿ, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಬರುತ್ತಿತ್ತು. ಕೆಳಗಿನ ಕೀಲಿನ ಸ್ಕ್ರೂಗಳನ್ನು ಬೆರಳಿನಿಂದ ಎಳೆದರೆ ಹೊಟ್ಟಿನ ಸಮೇತ ಕೈಗೆ ಬಂದವು. ಒಳಗಿದ್ದದ್ದು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡು. ಕೆಲಸ ಒಪ್ಪಿಕೊಂಡಿದ್ದವರು ಕೊಟ್ಟ ಕಾಗದದಲ್ಲಿ "ಅಡುಗೆಮನೆ ಕೆಲಸ, ಸಾಮಾನು ಸಹಿತ" ಎಂಬ ಒಂದೇ ಸಾಲು, ಅದರ ಮುಂದೆ ಒಟ್ಟು ಮೊತ್ತ. ಹಲಗೆಯ ಹೆಸರಾಗಲಿ ದರ್ಜೆಯಾಗಲಿ ಎಲ್ಲಿಯೂ ಇರಲಿಲ್ಲ. ಬಾಗಿಲಿನ ಹೊಳಪಿಗೆ ಅವರು ಕೊಟ್ಟ ಹಣದಲ್ಲಿ ಅರ್ಧವನ್ನು ಈ ಪೆಟ್ಟಿಗೆಗೆ ಕೊಟ್ಟಿದ್ದರೂ ಅದು ಹತ್ತಾರು ವರ್ಷ ಅಲುಗಾಡುತ್ತಿರಲಿಲ್ಲ.

ಅಡುಗೆಮನೆಯೆಲ್ಲ ಒಂದೇ ಜಾಗ ಎಂದುಕೊಂಡು ಎಲ್ಲ ಕಪಾಟಿಗೂ ಒಂದೇ ಹಲಗೆ, ಒಂದೇ ಫಿನಿಶಿಂಗ್ ಹೇಳುವುದೇ ತಪ್ಪಿನ ಮೂಲವೆಂದು ನನ್ನ ಖಚಿತ ಅಭಿಪ್ರಾಯ. ಸಿಂಕಿನ ಕೆಳಗೆ ನೀರಿನ ಕಾಟ, ಒಲೆಯ ಪಕ್ಕ ಬಿಸಿಯ ಕಾಟ, ಮೇಲಿನ ಕಪಾಟಿಗೆ ಒಗ್ಗರಣೆಯ ಎಣ್ಣೆ ಹೊಗೆಯ ಕಾಟ, ನೆಲಕ್ಕೆ ತಾಗಿದ ಹಲಗೆಗೆ ನೆಲ ತೊಳೆಯುವ ನೀರು ಮತ್ತು ಗೆದ್ದಲಿನ ಕಾಟ. ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯ ನೆಲವನ್ನು ಬರೀ ಒದ್ದೆ ಬಟ್ಟೆಯಿಂದ ಒರೆಸಿ ಬಿಡುವುದಿಲ್ಲ. ಹಬ್ಬದ ಮುನ್ನಾದಿನ, ಅಮಾವಾಸ್ಯೆಯ ದಿನ ಕೊಡದಿಂದ ನೀರು ಸುರಿದು ಕಸಬರಿಗೆಯಿಂದ ತೊಳೆಯುತ್ತೇವೆ. ಬೆಂಗಳೂರಿನ ಅಂಗಡಿಯವರು ಬಿಡಿಸಿಕೊಟ್ಟ ನಕ್ಷೆ ಈ ನೀರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಮೊದಲು ಪ್ಲೈವುಡ್ಡಿನ ಮಾತು. ಅಂಗಡಿಗೆ ಹೋಗಿ "ವಾಟರ್‌ಪ್ರೂಫ್ ಪ್ಲೈ ಕೊಡ್ರಿ" ಎಂದು ಕೇಳುವವರು ಬಹಳ, ಐಎಸ್ ಸಂಖ್ಯೆ ಕೇಳುವವರು ಬೆರಳೆಣಿಕೆ. ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಭಾರತೀಯ ಮಾನಕ ಐಎಸ್ 303, ಮೆರೈನ್ ಪ್ಲೈವುಡ್ಡಿಗೆ ಐಎಸ್ 710. ವ್ಯಾಪಾರದಲ್ಲಿ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಕ್ಕಮಟ್ಟಿಗೆ ತಡೆಯುವುದು), ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ್ದು) ಎಂಬ ಮೂರು ದರ್ಜೆಗಳು ಕಿವಿಗೆ ಬೀಳುತ್ತವೆ. ಎಂಆರ್ ಎಂಬುದು ಗಾಳಿಯ ತೇವವನ್ನು ತಡೆಯಬಲ್ಲದೇ ಹೊರತು ನಿಂತ ನೀರನ್ನು ತಡೆಯಲಾರದು. ಅದರ ಪದರಗಳನ್ನು ಹಿಡಿದಿಡುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಮಲಗುವ ಕೋಣೆಯ ಬಟ್ಟೆ ಕಪಾಟಿಗೆ ಅದು ಸಾಕು, ಸಿಂಕಿನ ಹತ್ತಿರ ಅದನ್ನು ತರಲೇಬಾರದು. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ ಮಾಡಿದ ಬಿಡಬ್ಲ್ಯುಪಿ ದರ್ಜೆಯ, ಅಂದರೆ ಐಎಸ್ 710ರ ಹಲಗೆ ಕುದಿಯುವ ನೀರಿನಲ್ಲಿ 72 ಗಂಟೆ ಇದ್ದರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಅಡುಗೆಮನೆಯ ಕೆಳಗಿನ ಸಾಲಿನ ಎಲ್ಲ ಪೆಟ್ಟಿಗೆಗಳಿಗೂ ಅಲ್ಲದಿದ್ದರೆ ಸಿಂಕಿನ ಕೆಳಗಿನದು ಮತ್ತು ಅದರ ಎರಡೂ ಪಕ್ಕದವು, ಈ ಮೂರಕ್ಕಾದರೂ 710 ಬಳಸಿರಿ. ಮೇಲಿನ ಸಾಲಿಗೆ ಬಿಡಬ್ಲ್ಯುಆರ್ ದರ್ಜೆಯ 303 ಧಾರಾಳವಾಗಿ ಸಾಕು. ಹೀಗೆ ಹಂಚಿದರೆ ಖರ್ಚು ಬಹಳವೇನೂ ಏರುವುದಿಲ್ಲ.

ಹಲಗೆಯ ಮೈಮೇಲೆ ಮುದ್ರೆ ಇದ್ದ ಮಾತ್ರಕ್ಕೆ ನಂಬಿಬಿಡಬಾರದು. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲಿಯೇ ಕಾಣುತ್ತದೆ. ಅಂಗಡಿಯ ಬಾಗಿಲಲ್ಲಿ ನಿಂತೇ ಮಾಡಬಹುದಾದ ಕೆಲಸವಿದು. ಆನಂತರ ಹಲಗೆಯ ನಾಲ್ಕೂ ಅಂಚು ನೋಡಬೇಕು. ಪದರಗಳ ನಡುವೆ ಬಿರುಕು, ಖಾಲಿ ಜಾಗ ಕಂಡರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಒಳಗೆ ಪೊಳ್ಳಾದ ಕಡೆ ಸದ್ದು ಬೇರೆ ಬರುತ್ತದೆ, ಅನುಭವವಿಲ್ಲದ ಕಿವಿಗೂ ಅದು ತಿಳಿಯುತ್ತದೆ. ಇನ್ನೂ ಅನುಮಾನ ಉಳಿದರೆ ಒಂದು ಗೇಣು ತುಣುಕನ್ನು ತಂದು ಮನೆಯಲ್ಲಿ ಹಳೆಯ ಪಾತ್ರೆಯಲ್ಲಿ ಹಾಕಿ ಒಂದು ಹಗಲು ಕುದಿಸಿರಿ. ಎಂಆರ್ ಹಲಗೆಗೆ 710ರ ಮುದ್ರೆ ಒತ್ತಿದ್ದರೆ ಸಂಜೆಯೊಳಗೆ ಅದು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ.

ಪಾರ್ಟಿಕಲ್ ಬೋರ್ಡನ್ನು ಅಡುಗೆಮನೆಯ ಕೆಳಸಾಲಿಗೂ ಬಚ್ಚಲಿಗೂ ಬೇಡವೇ ಬೇಡವೆಂದು ಹೇಳಿ ಮುಗಿಸುತ್ತೇನೆ. ಮರದ ನಾರಿಗೆ ಅಂಟು ಹಾಕಿ ಒತ್ತಿದ ಎಂಡಿಎಫ್ ಹಲಗೆಯ ಮೈ ನುಣುಪು, ಅದರ ಮೇಲೆ ಕೊರೆತದ ವಿನ್ಯಾಸವೂ ಬಣ್ಣವೂ ಚೆನ್ನಾಗಿ ಕೂಡುತ್ತವೆ. ಆದ್ದರಿಂದ ನೀರು ತಾಗದ ಮೇಲಿನ ಬಾಗಿಲುಗಳಿಗೆ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಅಂಚಿನಲ್ಲಿ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ. ಈಚೆಗೆ ಎಚ್‌ಡಿಎಚ್‌ಎಂಆರ್ ಎಂಬ ಹೆಚ್ಚು ಸಾಂದ್ರತೆಯ ಹಲಗೆ ನಮ್ಮ ಪೇಟೆಗೂ ಬಂದಿದೆ. ಎಂಡಿಎಫ್‌ಗಿಂತ ಅದು ಎಷ್ಟೋ ಮೇಲು, ಗಟ್ಟಿ, ಸ್ಕ್ರೂವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೂ ಅದು ಮರದ ನಾರಿನಿಂದಲೇ ಆದದ್ದು, ನೀರಿನಲ್ಲಿ ನಿಲ್ಲುವ ಹಲಗೆಯಲ್ಲ.

ಹೊಸ ಕಪಾಟು ತೆರೆದ ಕೂಡಲೇ ಕಣ್ಣು ಉರಿಸುವ ವಾಸನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಬಹುಮಟ್ಟಿಗೆ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಅನಿಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬಿಸಿ ಹೆಚ್ಚಿದಷ್ಟೂ ಅನಿಲ ಹೊರಬೀಳುವುದು ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಬಿಸಿಗಾಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ಕೂರುವ ಮನೆಗಳಲ್ಲಿ, ಇದನ್ನು ಹಗುರವಾಗಿ ಕಾಣಬಾರದು. ಕಡಿಮೆ ಅನಿಲ ಬಿಡುವ ಇ-1 ಅಥವಾ ಇ-0 ದರ್ಜೆಯನ್ನು ಕೇಳಿ ಪಡೆಯಿರಿ. ಕೆಲಸ ಮುಗಿದ ಮೇಲೆ ಕೆಲವು ವಾರ ಕಪಾಟಿನ ಬಾಗಿಲುಗಳನ್ನೂ ಕಿಟಕಿಗಳನ್ನೂ ತೆರೆದಿಡಿರಿ. ಮಕ್ಕಳಿರುವ ಮನೆಯಲ್ಲಿ ಇದು ಬಹಳ ಅಗತ್ಯ.

ಇಷ್ಟಾದ ಮೇಲೂ, ನಮ್ಮ ಭಾಗದ ಜಿಲ್ಲೆಗಳಲ್ಲಿ ಅಡುಗೆ ಕಟ್ಟೆಯ ಕೆಳಗಿನ ಪೆಟ್ಟಿಗೆಗೆ ಎಲ್ಲಕ್ಕಿಂತ ಯೋಗ್ಯವಾದದ್ದು ಮರವೇ ಅಲ್ಲ, ಕಲ್ಲು ಎಂಬುದು ನನ್ನ ನಂಬಿಕೆ. ನಮ್ಮ ಹಿರಿಯರು ಕಟ್ಟೆಯ ಕೆಳಗೆ ಕಡಪಾ ಕಲ್ಲಿನ ಹಲಗೆ ನಿಲ್ಲಿಸಿ, ಅಡ್ಡಲಾಗಿಯೂ ಅದನ್ನೇ ಹಾಕಿ ಖಾನೆ ಮಾಡುತ್ತಿದ್ದರು. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ನೀರು ಬಿದ್ದರೆ ಒರೆಸಿದರಾಯಿತು, ಗ್ಯಾಸ್ ಸಿಲಿಂಡರ್ ಎಳೆದಾಡಿದರೂ ತಳ ಕಿತ್ತು ಬರುವುದಿಲ್ಲ. ಈಗ ಮಾಡ್ಯುಲರ್ ಎಂಬ ಹೆಸರಿನಲ್ಲಿ ಗಟ್ಟಿಮುಟ್ಟಾದ ಆ ಕಲ್ಲುಗಳನ್ನು ಒಡೆಸಿ ಹೊರಗೆ ಹಾಕಿ, ಅದೇ ಜಾಗದಲ್ಲಿ ಹಲಗೆಯ ಪೆಟ್ಟಿಗೆ ಕೂರಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕಲ್ಲನ್ನು ಹಾಗೆಯೇ ಉಳಿಸಿಕೊಂಡು ಮುಂಭಾಗಕ್ಕೆ ಸಾಗವಾನಿಯ ಚೌಕಟ್ಟು ಬಿಗಿದು ಅದಕ್ಕೆ ಕೀಲು, ಬಾಗಿಲು ಕೂರಿಸಬಹುದು. ಎಳೆಯುವ ಖಾನೆಗಳು ಬೇಕೆಂದರೆ ಕಲ್ಲಿನ ಒಳಮೈಗೆ ಮರದ ಪಟ್ಟಿ ಹೊಡೆದು ಅದರ ಮೇಲೆ ಚಾನೆಲ್ ಹಾಕಬಹುದು. ಅಳತೆ ಸ್ವಲ್ಪ ನಾಜೂಕಾಗಿ ಹಿಡಿಯಬೇಕು, ಒಳ್ಳೆಯ ಬಡಿಗೇರರಿಗೆ ಅದು ಕಷ್ಟದ ಕೆಲಸವಲ್ಲ. ಹೊರಗಿನಿಂದ ನೋಡಿದವರಿಗೆ ಅದೂ ಮಾಡ್ಯುಲರ್ ಅಡುಗೆಮನೆಯೇ.

ಗಟ್ಟಿ ಮರದಲ್ಲೇ ಬಾಗಿಲು ಮಾಡಿಸುವ ಆಸೆ ಇನ್ನೂ ಅನೇಕರಿಗೆ ಇದೆ, ಇರಬೇಕಾದದ್ದೂ ಹೌದು. ಸಾಗವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದೆ, ಹಿಗ್ಗು-ಕುಗ್ಗು ಬೇರೆ ಮರಗಳಿಗಿಂತ ಕಡಿಮೆ, ಗೆದ್ದಲೂ ಸುಲಭವಾಗಿ ಮುಟ್ಟುವುದಿಲ್ಲ. ಆದರೆ ಈ ಗುಣವೆಲ್ಲ ಇರುವುದು ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಹೊಂಬಣ್ಣದ ಗಟ್ಟಿ ಭಾಗದಲ್ಲಿ. ಅದರ ಸುತ್ತಲಿನ ಬಿಳಿ ಮರದಲ್ಲಿ ಆ ಶಕ್ತಿ ಇಲ್ಲ. ಬೇಗ ಬೆಳೆಸಿ ಬೇಗ ಕಡಿದ ತೋಟದ ಸಾಗವಾನಿಯಲ್ಲಿ ಬಿಳಿ ಭಾಗವೇ ಹೆಚ್ಚಿರುತ್ತದೆ. ಅದರ ಮೇಲೆ ಕಂದು ಬಣ್ಣದ ಸ್ಟೇನ್ ಹಚ್ಚಿ ಪಾಲಿಶ್ ಮಾಡಿಬಿಟ್ಟರೆ ಕೊಳ್ಳುವವನಿಗೆ ಭೇದ ತಿಳಿಯುವುದಿಲ್ಲ. ಆದ್ದರಿಂದ ಬಣ್ಣ ಹಚ್ಚುವ ಮೊದಲೇ, ರಂಧಾ ಹೊಡೆದು ನಯಗೊಳಿಸಿದ ದಿನವೇ ಹೋಗಿ ಹಲಗೆಗಳನ್ನು ನೋಡಿರಿ. ದಾಂಡೇಲಿಯ ಅರಣ್ಯ ಇಲಾಖೆಯ ನಾಟಾ ಡಿಪೊದಿಂದ ಹರಾಜಿನಲ್ಲಿ ಬಂದ ಸಾಗವಾನಿಗೂ ಹಡಗಿನಲ್ಲಿ ಬಂದ ಆಫ್ರಿಕಾದ ಸಾಗವಾನಿಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಯಾವುದೆಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಮತ್ತಿ, ಹೊನ್ನೆ, ಹಲಸು ಸಿಕ್ಕರೆ ಅವೂ ಒಳ್ಳೆಯ ಮರಗಳೇ. ನಮ್ಮ ಹೊಲದ ಬದುವಿನ ಬೇವಿಗೆ ಹುಳು ಬೀಳುವುದು ಕಡಿಮೆಯಾದರೂ ಸರಿಯಾಗಿ ಒಣಗದಿದ್ದರೆ ಸೊಟ್ಟಾಗುತ್ತದೆ. ಜಾಲಿ ಬಲು ಗಟ್ಟಿ, ನೇಗಿಲಿಗೂ ಬಂಡಿಗೂ ಹೇಳಿ ಮಾಡಿಸಿದ ಮರ. ಅಗಲ ಹಲಗೆಯ ನಯವಾದ ಬಾಗಿಲಿಗೆ ಅದನ್ನು ಒಗ್ಗಿಸುವುದು ಕಷ್ಟ.

ಮರದ ಜಾತಿಗಿಂತಲೂ ಮುಖ್ಯವಾದದ್ದು ಅದರೊಳಗಿನ ತೇವ. ಒಳಾಂಗಣದ ಕೆಲಸಕ್ಕೆ ಮರದಲ್ಲಿ ಶೇ 8ರಿಂದ 12ರಷ್ಟು ತೇವ ಇರುವುದು ಹಿತ. ಮಲೆನಾಡಿನ ಅಥವಾ ಕರಾವಳಿಯ ತೇವದ ಗಾಳಿಯಲ್ಲಿದ್ದ ಹಲಗೆಯನ್ನು ಲಾರಿಯಿಂದ ಇಳಿಸಿದ ಮರುದಿನವೇ ನಮ್ಮ ಒಣಹವೆಯಲ್ಲಿ ಕೊಯ್ದು ಬಾಗಿಲು ಮಾಡಿದರೆ, ಅದು ಅಗಲದಲ್ಲಿ ಕುಗ್ಗಿ ಬೇಸಿಗೆ ಮುಗಿಯುವುದರೊಳಗೆ ಬಿರಿಯುತ್ತದೆ. ಮರ ಹಿಗ್ಗುವುದೂ ಕುಗ್ಗುವುದೂ ನಾರಿನ ಅಡ್ಡಕ್ಕೆ, ಉದ್ದಕ್ಕೆ ತೀರ ಕಡಿಮೆ. ಹಲಗೆಗಳನ್ನು ತಂದು, ನೆರಳಿನಲ್ಲಿ, ನಡುನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಕೆಲವು ವಾರ ಬಿಟ್ಟು ಕೆಲಸ ಆರಂಭಿಸಬೇಕು. ತೇವ ಅಳೆಯುವ ಚಿಕ್ಕ ಯಂತ್ರಗಳು ಈಗ ಸುಲಭವಾಗಿ ಸಿಗುತ್ತವೆ, ಮೇಲ್ವಿಚಾರಣೆ ಮಾಡುವವರ ಕಿಸೆಯಲ್ಲಿ ಅದೊಂದು ಇರಬೇಕು. ಬಾಗಿಲಿನ ರಚನೆಯಲ್ಲಿ ಹಳೆಯ ಬಡಿಗೇರರ ಜಾಣ್ಮೆಯನ್ನು ಬಿಡಬಾರದು: ನಾಲ್ಕು ಪಟ್ಟಿಗಳ ಚೌಕಟ್ಟಿನ ಒಳಗೆ ಗಾಡಿ, ಅಂದರೆ ಉದ್ದನೆಯ ತೋಡು ಕೊರೆದು, ನಡುವಿನ ಹಲಗೆಯನ್ನು ಅದರಲ್ಲಿ ಅಂಟು ಹಾಕದೆ, ಮೊಳೆ ಹೊಡೆಯದೆ ಸಡಿಲವಾಗಿ ಕೂರಿಸುತ್ತಿದ್ದರು. ಮೇ ತಿಂಗಳಲ್ಲಿ ಹಲಗೆ ಕುಗ್ಗಿದರೂ ಶ್ರಾವಣದಲ್ಲಿ ಹಿಗ್ಗಿದರೂ ಗಾಡಿಯೊಳಗೇ ಆಡಿಕೊಂಡಿರುತ್ತದೆ, ಚೌಕಟ್ಟು ಸೀಳುವುದಿಲ್ಲ. ಅವಸರದಲ್ಲಿ ಆ ಹಲಗೆಗೆ ಸುತ್ತಲೂ ಅಂಟು ಸುರಿದು ಮೊಳೆ ಬಡಿದ ಬಾಗಿಲುಗಳು ಎರಡೇ ವರ್ಷಕ್ಕೆ ನಡುವೆ ಸೀಳಿದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಮೇಲಿನ ಲೇಪ. ಫ್ರೆಂಚ್ ಪಾಲಿಶ್ ಎಂದು ಕರೆಯುವುದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಲೇಪ. ದೇವರ ಮನೆಯ ಬಾಗಿಲಿಗೆ, ಪಡಸಾಲೆಯ ಕುರ್ಚಿಗೆ ಅದರಷ್ಟು ಚೆಲುವು ಬೇರೊಂದಿಲ್ಲ. ಅಡುಗೆಮನೆಗೆ ಮಾತ್ರ ಅದು ಸಲ್ಲದು: ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ, ಬಿಸಿ ಪಾತ್ರೆ ತಾಗಿದರೆ ಗುರುತು ಉಳಿಯುತ್ತದೆ, ಸೋಡಾ ಬೆರೆಸಿದ ನೀರಿನಿಂದ ಜಿಡ್ಡು ಒರೆಸಿದರೆ ಅರಗೇ ಕರಗಿ ಬರುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಉಜ್ಜಿದರೆ ತಲೆಬಾಗಿಲಿಗೆ ಒಳ್ಳೆಯದು, ಅಡುಗೆಮನೆಯ ನೀರು, ಸಾಬೂನಿಗೆ ಅದು ಸಾಲದು. ಎಣ್ಣೆ ಬಳಸುವವರು ಒಂದು ಎಚ್ಚರಿಕೆಯನ್ನು ಮರೆಯಲೇಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆಯಲ್ಲಂತೂ ಆ ಭಯ ಇನ್ನೂ ಹೆಚ್ಚು. ಆ ಬಟ್ಟೆಗಳನ್ನು ಬಯಲಿನಲ್ಲಿ ಬಿಡಿಸಿ ಒಣಹಾಕಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಅಡುಗೆಮನೆಯ ಮರದ ಬಾಗಿಲಿಗೆ ಉಳಿಯುವುದು ಮೆಲಮೈನ್ ಮತ್ತು ಪಿಯು (ಪಾಲಿಯುರೆಥೇನ್) ಎಂಬ ಎರಡು ಲೇಪಗಳು. ಎರಡರಲ್ಲಿ ನನ್ನ ಆಯ್ಕೆ ಪಿಯು. ಅದು ದುಬಾರಿ ನಿಜ, ಆದರೆ ನೀರು, ಬಿಸಿ, ಎಣ್ಣೆ ಮೂರನ್ನೂ ತಾಳುತ್ತದೆ. ಲೇಪ ಹಚ್ಚುವ ಹೊತ್ತನ್ನೂ ನೋಡಬೇಕಾಗುತ್ತದೆ. ನಡುಹಗಲಿನ ಬಿಸಿಗಾಳಿಯಲ್ಲಿ ಸಿಂಪಡಿಸಿದರೆ ಲೇಪವನ್ನು ತೆಳುಗೊಳಿಸುವ ಟಿನ್ನರ್ ಬಹಳ ಬೇಗ ಹಾರಿಹೋಗಿ ಮೈ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗುತ್ತದೆ, ಧೂಳೂ ಅಂಟುತ್ತದೆ. ಮಳೆ ಹಿಡಿದ ದಿನ ಸಿಂಪಡಿಸಿದರೆ ಗಾಳಿಯ ತೇವ ಸೇರಿ ಲೇಪದ ಮೇಲೆ ಬಿಳಿ ಮಂಜು ಕೂರುತ್ತದೆ. ಒಣ ದಿನದ ಬೆಳಗಿನ ಹೊತ್ತು, ಧೂಳು ಬಾರದಂತೆ ಪರದೆ ಕಟ್ಟಿದ ಕೋಣೆ ಇದಕ್ಕೆ ಸರಿ. ಮನೆಯ ಯಜಮಾನರು ಕೆಲಸಗಾರರ ಉಸಿರಿನ ಬಗ್ಗೆಯೂ ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಪಿಯು ಸಿಂಪಡಿಸುವಾಗ ಹೊರಬೀಳುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಮರ ಉಜ್ಜುವಾಗ ಏಳುವ ಧೂಳು ಕೂಡ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ವರ್ಗದಲ್ಲಿದೆ. ಬಾಯಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುವ ಹುಡುಗರಿಗೆ ಸರಿಯಾದ ಮುಖಗವಸು ಕೊಡಿಸುವ ಖರ್ಚು, ಇಡೀ ಕೆಲಸದ ಲೆಕ್ಕದಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣದು.

ಲೇಪಕ್ಕಿಂತ ಮೊದಲಿನ ತಯಾರಿಯೇ ದೊಡ್ಡದು ಎಂಬುದನ್ನು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಂದ ಕಲಿಯಬೇಕು. ಭೌಗೋಳಿಕ ಗುರುತು ಪಡೆದ ಅವರ ಗೊಂಬೆಗಳಲ್ಲಿ, ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬೆರೆತ ಮೆತ್ತೆಯಿಂದ ಮೈಯನ್ನು ಸಮ ಮಾಡಿಕೊಂಡ ಮೇಲೆಯೇ ಬಣ್ಣದ ಸರದಿ. ನಮ್ಮ ಕಪಾಟಿನ ಬಾಗಿಲಿಗಾದರೋ ಕಣ್ಣಿಗೆ ಕಾಣುವ ಮುಖಕ್ಕೆ ನಾಲ್ಕು ಕೈ ಪಾಲಿಶ್, ಹಿಂಬದಿಗೆ ಒಂದು, ಕೆಳಗಿನ ಅಂಚಿಗೆ ಏನೂ ಇಲ್ಲ! ಮರ ತೇವ ಹೀರುವುದು ಆ ಬರಿ ಅಂಚಿನಿಂದಲೇ. ಎರಡು ಮೈಗಳಲ್ಲಿ ಲೇಪ ಸಮವಾಗಿಲ್ಲದಿದ್ದರೆ ಹಲಗೆ ಒಂದು ಕಡೆಗೆ ಬಾಗುತ್ತದೆ. ಆರೂ ಮೈಗೆ ಸಮನಾಗಿ ಹಚ್ಚಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ.

ಪ್ಲೈವುಡ್ಡಿನ ಬಾಗಿಲಿಗೆ ಎಲ್ಲರೂ ಸನ್‌ಮೈಕಾ ಎಂದೇ ಕರೆಯುವ ಲ್ಯಾಮಿನೇಟ್ ಹಾಳೆ ಈಗಲೂ ಎಲ್ಲಕ್ಕಿಂತ ನಂಬಿಕಸ್ತ ಹೊದಿಕೆ. ಹೊರಗೆ 1 ಮಿಲಿಮೀಟರ್ ದಪ್ಪದ್ದು, ಒಳಗೆ ತೆಳು ಹಾಳೆಯಾದರೂ ಇರಲೇಬೇಕು. ಒಳಬದಿಗೆ ಬರೀ ಬಣ್ಣ ಬಳಿದರೆ ಬಾಗಿಲು ಬಾಗುತ್ತದೆ. ಆಳವಾದ ಗೆರೆಗಳ ಮೈ ನೋಡಲು ಮರದಂತೆ ಕಂಡರೂ, ಮಿರ್ಚಿ ಕರಿಯುವ, ಮಂಡಕ್ಕಿ ಒಗ್ಗರಣೆ ಹಾಕುವ ಮನೆಯಲ್ಲಿ ಆ ಗೆರೆಗಳಲ್ಲಿ ಜಿಡ್ಡು ಕೂತು ಹೋಗುವುದೇ ಇಲ್ಲ, ನುಣುಪು ಮಾಸಲು ಮೈಯೇ ಲೇಸು. ಪಿವಿಸಿ ಪೊರೆ ಎಳೆದ ಮೆಂಬ್ರೇನ್ ಬಾಗಿಲುಗಳು ಒಲೆಯ ಪಕ್ಕಕ್ಕೆ ಬೇಡ. ದಿನವೂ ಜೋಳದ ರೊಟ್ಟಿ ಸುಡುವ ನಮ್ಮ ಮನೆಗಳಲ್ಲಿ ಒಲೆ ಗಂಟೆಗಟ್ಟಲೆ ದೊಡ್ಡ ಉರಿಯಲ್ಲಿರುತ್ತದೆ, ಆ ಬಿಸಿಗೆ ಪೊರೆ ಅಂಚಿನಲ್ಲಿ ಬಿಡುತ್ತ ಬರುತ್ತದೆ. ಅಂಚಿನ ಪಟ್ಟಿಯನ್ನು ಯಂತ್ರದಲ್ಲಿ ಬಿಸಿ ಅಂಟಿನಿಂದ ಒತ್ತಿಸಿದರೆ ಒಳ್ಳೆಯದು. ಸ್ಥಳದಲ್ಲೇ ಕೆಲಸವಾಗುವುದಾದರೆ ಸಾಗವಾನಿಯ ತೆಳು ಬೀಡಿಂಗ್ ಹೊಡೆದು ಪಾಲಿಶ್ ಮಾಡಿಸುವುದು ಅದಕ್ಕಿಂತಲೂ ಬಾಳುತ್ತದೆ. ಸಿಂಕಿನ ಪೈಪಿಗಾಗಿ ಕೊರೆದ ತೂತಿನ ಅಂಚಿಗೆ ಎರಡು ಕೈ ಎಪಾಕ್ಸಿ ಹಚ್ಚಿ, ಪೈಪಿನ ಸುತ್ತ ಸಿಲಿಕೋನ್ ತುಂಬಿಸಿರಿ. ಪ್ಲಂಬರ್ ಬಂದುಹೋದ ಮೇಲೆ ಇದನ್ನು ಮಾಡುವವರು ಯಾರೂ ಇರುವುದಿಲ್ಲವಾದ್ದರಿಂದ ಯಜಮಾನರೇ ನಿಂತು ಮಾಡಿಸಬೇಕು. ಪೆಟ್ಟಿಗೆ ನೆಲದ ಮೇಲೆ ಕೂರಬಾರದು, ನಾಲ್ಕು ಇಂಚಿನ ಪಿವಿಸಿ ಕಾಲುಗಳ ಮೇಲೋ ಕಲ್ಲಿನ ಮೆಟ್ಟಿನ ಮೇಲೋ ನಿಲ್ಲಬೇಕು.

ಬಚ್ಚಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು. ಗಾಜಿನ ಗೋಡೆಯೊಳಗೆ ನಿಂತು ಸ್ನಾನ ಮಾಡುವ ಪದ್ಧತಿ ನಮ್ಮಲ್ಲಿ ಕಡಿಮೆ. ಬಕೆಟ್ಟಿನಿಂದ ತಂಬಿಗೆಯಲ್ಲಿ ಮೊಗೆದು ಸುರಿದುಕೊಳ್ಳುವಾಗ ನೀರು ಎಲ್ಲ ಗೋಡೆಗೂ ಸಿಡಿಯುತ್ತದೆ. ಅಲ್ಲಿ ವಾಶ್ ಬೇಸಿನ್ನಿನ ಕೆಳಗೆ ಕಪಾಟು ಬೇಕೇ ಬೇಕೆಂದರೆ ಗೋಡೆಗೆ ತೂಗುಹಾಕಿ, ನೆಲದಿಂದ ಒಂದು ಅಡಿಯಾದರೂ ಮೇಲಿರಲಿ. ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ ಬೆರೆತ ಪ್ಲಾಸ್ಟಿಕ್) ಹಲಗೆಗೆ ಸರಿಯಾದ ಜಾಗವೆಂದರೆ ಇದೇ. ಅವು ನೀರಿಗೆ ಕೊಳೆಯುವುದಿಲ್ಲ, ಗೆದ್ದಲಿಗೂ ಬೇಡ. ಆದರೆ ಸ್ಕ್ರೂ ಹಿಡಿತ ಪ್ಲೈವುಡ್ಡಿನಷ್ಟಿಲ್ಲ, ಉದ್ದನೆಯ ಅಡ್ಡಹಲಗೆಯಾದರೆ ಭಾರಕ್ಕೆ ಜೋತುಬೀಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಆದ್ದರಿಂದ ಅದೇ ಹಲಗೆಯನ್ನು ಒಲೆಯ ಪಕ್ಕಕ್ಕೂ ಬಳಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿರಿ. ಸವಳು ನೀರಿನ ಬಿಳಿ ಕಲೆ ಗಾಢ ಬಣ್ಣದ ಮೈಮೇಲೆ ಎದ್ದು ಕಾಣುತ್ತದೆ, ಬಚ್ಚಲಿಗೆ ತಿಳಿ ಬಣ್ಣವೇ ಇರಲಿ. ಕೀಲು, ಸ್ಕ್ರೂಗಳು 304 ದರ್ಜೆಯ ಸ್ಟೀಲಿನವಾಗಿರಲಿ. ಶೌಚಾಲಯ ತೊಳೆಯುವ ಆ್ಯಸಿಡ್ ಬಾಟಲಿಯನ್ನು ಮಾತ್ರ ಆ ಕಪಾಟಿನೊಳಗೆ ಇಡಲೇಬಾರದು, ಮುಚ್ಚಳ ಬಿಗಿಯಾಗಿದ್ದರೂ ಅದರಿಂದ ಸೋರುವ ಆವಿಗೆ ಒಳ್ಳೆಯ ಕೀಲುಗಳೂ ತಿಂಗಳುಗಳಲ್ಲಿ ತುಕ್ಕು ಹಿಡಿಯುತ್ತವೆ.

ಎರೆ ಭೂಮಿಯಲ್ಲಿ ಎದ್ದ ಹೊಸ ಬಡಾವಣೆಗಳಲ್ಲಿ ಗೆದ್ದಲಿನ ಕಾಟ ಹೇಳತೀರದು. ಬೇಸಿಗೆಯಲ್ಲಿ ಎರೆ ಬಿರಿದು, ಮಳೆಗೆ ಉಬ್ಬಿ, ನೆಲಗಟ್ಟಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ. ಗೆದ್ದಲು ಬರುವ ದಾರಿ ಅದೇ. ಲ್ಯಾಮಿನೇಟ್ ಹಾಳೆಯ ಒಳಗಿನ ಮರವನ್ನೆಲ್ಲ ತಿಂದು ಹಾಳೆಯನ್ನು ಮಾತ್ರ ನಿಲ್ಲಿಸಿರುತ್ತವೆ, ಕೈಯಿಟ್ಟಾಗಲೇ ಗೊತ್ತಾಗುವುದು. ಕಪಾಟು ಕೂರಿಸಿದ ಮೇಲೆ ಔಷಧ ಹೊಡೆಸುವುದಕ್ಕಿಂತ, ಪಾಯ ತುಂಬುವಾಗಲೇ ಐಎಸ್ 6313ರಲ್ಲಿ ಹೇಳಿದ ಕ್ರಮದಂತೆ ಮಣ್ಣಿಗೆ ಔಷಧ ಹಾಕಿಸುವುದು ಸರಿಯಾದ ದಾರಿ. ಕಟ್ಟಿದ ಮನೆಯಾದರೆ ಕಪಾಟು ಬರುವ ಮುನ್ನ ಗೋಡೆ-ನೆಲ ಕೂಡುವ ಸಾಲಿನಲ್ಲಿ ತೂತು ಕೊರೆಸಿ ಹಾಕಿಸಿರಿ.

ಕಡೆಯದಾಗಿ ಬಿಲ್ಲಿನ ವಿಷಯ. ಯಾವ ಪೆಟ್ಟಿಗೆಗೆ ಯಾವ ಐಎಸ್ ಸಂಖ್ಯೆಯ, ಎಷ್ಟು ದಪ್ಪದ ಹಲಗೆ, ಯಾವ ಲೇಪ, ಎಷ್ಟು ಕೈ, ಕೀಲು ಯಾವ ದರ್ಜೆಯದು ಎಂಬುದನ್ನು ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿಕೊಂಡು ಜಿಎಸ್‌ಟಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿರಿ. ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಆದರೆ ಬಿಲ್ಲಿನಲ್ಲಿ ಹಲಗೆಯ ಹೆಸರೇ ಇಲ್ಲದಿದ್ದರೆ ಆಯೋಗದ ಮುಂದೆ ಏನನ್ನು ತೋರಿಸುವುದು? ಸಿಂಧನೂರಿನ ನಮ್ಮ ತಂಗಿ ಸಿಕ್ಕಿಬಿದ್ದದ್ದು ಈ ಪ್ರಶ್ನೆಯಲ್ಲೇ.

ರಾಯಚೂರಿನ ನಿರ್ಮಿತಿ ಕೇಂದ್ರದವರು ತಮ್ಮ ಆವರಣದಲ್ಲಿ ಎಂಆರ್, 710, ಎಚ್‌ಡಿಎಚ್‌ಎಂಆರ್, ಪಿವಿಸಿ ಹಲಗೆಗಳ ತುಣುಕುಗಳನ್ನು ನೀರಿನಲ್ಲಿ ನೆನೆಯಿಟ್ಟು, ಪಕ್ಕದಲ್ಲಿ ಅವುಗಳ ಹೆಸರು, ಸಂಖ್ಯೆ ಬರೆದು ಸಾರ್ವಜನಿಕರಿಗೆ ತೋರಿಸಬೇಕೆಂದು ಈ ಮೂಲಕ ಮನವಿ ಮಾಡುತ್ತೇನೆ. ತಮ್ಮ ಪತ್ರಿಕೆಯ ಒಳಾಂಗಣ ಪುಟದಲ್ಲಿಯೂ ಇನ್ನು ಮುಂದೆ ಕಪಾಟಿನ ಚಿತ್ರ ಪ್ರಕಟಿಸುವಾಗ, ಅದರ ಕೆಳಗೆ ಹಲಗೆಯ ದರ್ಜೆ ಮತ್ತು ಲೇಪದ ಹೆಸರನ್ನು ಒಂದು ಸಾಲಿನಲ್ಲಾದರೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ,
ರಾಯಚೂರು